ಬೆರಳಿನ ಅಭ್ಯಾಸ, ಮನದ ಅಭ್ಯಾಸ



ಕಳೆದ ಶ್ರಾವಣದಲ್ಲಿ ಪ್ರವಚನದ ನಿಮಿತ್ತ ನಾವು ಬಸವಕಲ್ಯಾಣ ಸೀಮೆಯ ಗೋರ್ಟಾ (ಬಿ) ಗ್ರಾಮಕ್ಕೆ ಹೋಗಿದ್ದೆವು. ಮಂಗಲವಾದ ಬಳಿಕ ಭಕ್ತರೊಬ್ಬರು ಮಗನನ್ನು ಕರೆತಂದು ಕೈಮುಗಿದರು. "ಅಪ್ಪಾವರೇ, ಇವ ಪೇಟಿ ಕಲೀಲಾಕತ್ತಾನ್ರಿ, ಪರೀಕ್ಷಾ ಬಂದದ. ಭಜನಿಗಿ ಕೂತ್ರ ಕೈ ಕೆಡ್ತದಂತಾರ ಇವರ ಗುರುಗಳು. ಈ ಕಡಿ ನಮ್ಮಪ್ಪ ಹಾಸಿಗಿ ಹಿಡದಾನ, ಅವ ಕಟ್ಟಿದ ಭಜನಿಗಿ ಪೇಟಿ ಬಾರಸೋರಿಲ್ಲ. ಏನ್ ಮಾಡ್ಬೇಕ್ರಿ?"

ಆ ಕ್ಷಣದಲ್ಲಿ ಉತ್ತರ ಹೊಳೆಯಲಿಲ್ಲ. ನಮ್ಮದೇ ಒಂದು ಪ್ರಸಂಗ ಮಾತ್ರ ನೆನಪಾಯಿತು. ಮಠದಲ್ಲಿ ಓದುತ್ತಿದ್ದಾಗ ನಾವೂ ಸ್ವರಲಿಪಿ ನೋಡಿ ಪೇಟಿ ಕಲಿತಿದ್ದೆವು. ಒಂದು ಅಮಾವಾಸ್ಯೆಯ ರಾತ್ರಿ ಭಜನೆಯವರು ನಮ್ಮನ್ನು ಪೇಟಿಗೆ ಕೂಡಿಸಿದರು. ಹಾಡುವ ಅಜ್ಜನವರು ನಡುವೆಯೇ ಧಾಟಿ ಬದಲಿಸಿದರು. ನಮ್ಮ ಬೆರಳು ತಪ್ಪಲಿಲ್ಲ, ಆದರೆ ಮುಂದೆಲ್ಲಿಗೆ ಹೋಗಬೇಕೆಂಬುದು ತಿಳಿಯದೆ ನಿಂತುಬಿಟ್ಟೆವು. ಅಂದು ನಕ್ಕವರ ನಗೆ ಇಂದಿಗೂ ಕಿವಿಯಲ್ಲಿದೆ.

ಇದರ ಕಾರಣವನ್ನು ವಿಜ್ಞಾನಿಗಳು ಮಿದುಳಿನಲ್ಲಿ ಅರಸಿದ್ದಾರೆ. 2018ರಲ್ಲಿ ಜರ್ಮನಿಯ ಲೈಪ್‌ಜಿಗ್ ನಗರದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರು 30 ಮಂದಿ ಪಿಯಾನೋ ವಾದಕರನ್ನು ಪರೀಕ್ಷಿಸಿದ ವರದಿ ಪ್ರಕಟವಾಯಿತು. ಅರ್ಧದಷ್ಟು ಜನ ಬರೆದಿಟ್ಟ ಶಾಸ್ತ್ರೀಯ ಕೃತಿಗಳನ್ನು ನುಡಿಸುವವರು. ಉಳಿದವರು ಸ್ಥಳದಲ್ಲೇ ಕಲ್ಪಿಸಿ ಬೆಳೆಸುವ ಜಾಝ್ ಪದ್ಧತಿಯವರು. ಪರದೆಯ ಮೇಲೆ ಕಾಣುವ ಕೈಯನ್ನು ಅನುಸರಿಸಿ ಎಲ್ಲರೂ ಅದನ್ನೇ ನುಡಿಸಬೇಕು. ನಡುನಡುವೆ ಬೇಕೆಂದೇ ಅನಿರೀಕ್ಷಿತ ಸ್ವರಮೇಳವನ್ನೂ ವಿಚಿತ್ರ ಬೆರಳಿನ ವಿನ್ಯಾಸವನ್ನೂ ಸೇರಿಸಿದ್ದರು. ಸ್ವರಮೇಳ ಹಠಾತ್ತನೆ ತಿರುಗಿದಾಗ ಜಾಝ್ ವಾದಕರ ಮಿದುಳು ಬೇಗನೆ ಹೊಸ ದಾರಿಯನ್ನು ಯೋಜಿಸಿತು. ಬೆರಳಿನ ವಿಷಯದಲ್ಲಿ ಶಾಸ್ತ್ರೀಯರ ಗಮನವೇ ಹೆಚ್ಚು, ತಪ್ಪೂ ಕಡಿಮೆ. ನುಡಿಸಿದ್ದು ಒಂದೇ, ಮಿದುಳು ದುಡಿದ ಬಗೆ ಬೇರೆ.

ಅದಕ್ಕೂ ಮುನ್ನ, 2008ರಲ್ಲಿ, ಅಮೆರಿಕದ ಚಾರ್ಲ್ಸ್ ಲಿಂಬ್ ಮತ್ತು ಅಲೆನ್ ಬ್ರಾನ್ ಅವರು 6 ಮಂದಿ ಜಾಝ್ ವಾದಕರನ್ನು ಎಂ.ಆರ್.ಐ. ಯಂತ್ರದೊಳಗೆ ಮಲಗಿಸಿ ಪುಟ್ಟ ಕೀಲಿಮಣೆಯನ್ನು ನುಡಿಸಲು ಹೇಳಿದ್ದರು. ಕಲ್ಪಿಸಿ ನುಡಿಸುವಾಗ, ತನ್ನನ್ನು ತಾನೇ ತಿದ್ದಿ ತಡೆಯುವ ಮುಂಭಾಗದ ಮಿದುಳಿನ ಪಾರ್ಶ್ವದ ಚಟುವಟಿಕೆ ತಗ್ಗಿ, ಅದರ ನಡುಭಾಗದ ಚಟುವಟಿಕೆ ಏರಿತ್ತು.

ಜಾಝ್ ನಮ್ಮ ಭಜನೆಯಲ್ಲ, ನಮ್ಮ ಖಯಾಲವೂ ಅಲ್ಲ. ಖಯಾಲದಲ್ಲಿಯೂ ಕಲ್ಪನೆಗೆ ಎಡೆಯುಂಟು. ಆದರೂ ಒಂದು ಮಾತು ನಿಲ್ಲುತ್ತದೆ: ಯಾವ ಅಭ್ಯಾಸದಲ್ಲಿ ಬೆಳೆದೆವೋ ಆ ಅಭ್ಯಾಸವೇ ಮಿದುಳಿನ ನಡೆಯಾಗುತ್ತದೆ. ಆದ್ದರಿಂದ ಆ ಬಾಲಕನ ಗುರುಗಳ ಅಂಜಿಕೆ ನಿರಾಧಾರವಲ್ಲ. ಎಳೆಯ ಕೈಗೆ ಮೊದಲು ಒಂದು ನೆಲೆ ಬೇಕು.

ಆದರೆ ಒಂದನ್ನು ಕಲಿತವನು ಮತ್ತೊಂದನ್ನು ಮುಟ್ಟಲಾಗದೆಂಬುದು ನಮ್ಮ ನಾಡಿನ ಅನುಭವವಲ್ಲ. ಪಂಡಿತ ಪಂಚಾಕ್ಷರ ಗವಾಯಿಗಳು (1892–1944) ಕಣ್ಣಿಲ್ಲದೆಯೂ ಕರ್ನಾಟಕ, ಹಿಂದುಸ್ತಾನಿ ಎರಡನ್ನೂ ಸಾಧಿಸಿ ಉಭಯಗಾನ ವಿಶಾರದರೆನಿಸಿದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010) ಆ ಹಾದಿಯನ್ನು ಮುಂದುವರಿಸಿದರು. 1992ರಲ್ಲಿ ಲಿಂಗೈಕ್ಯರಾದ ಮಲ್ಲಿಕಾರ್ಜುನ ಮನಸೂರರು ನೀಲಕಂಠ ಬುವಾ ಅವರಲ್ಲಿ ಗ್ವಾಲಿಯರ್ ಗಾಯಕಿಯನ್ನು ಕಲಿತು, ಬಳಿಕ ಜಯಪುರ ಘರಾಣೆಗೆ ಹೊರಳಿದರು. ಅಪರೂಪದ ರಾಗಗಳನ್ನು ಹಾಡಿದ ಕಂಠದಿಂದಲೇ ವಚನಗಳನ್ನೂ ಹಾಡಿದರು. ಒಂದೊಂದಕ್ಕೂ ಅದರದೇ ಸಾಧನೆಯನ್ನು ಸಲ್ಲಿಸಿದ್ದರಿಂದಲೇ ಅದು ಸಾಧ್ಯವಾಯಿತು.

ಮರುದಿನ ಬೆಳಿಗ್ಗೆ ಆ ತಂದೆಗೆ ಹೀಗೆಂದೆವು: "ಪರೀಕ್ಷೆ ಮುಗಿಯುವವರೆಗೆ ಗುರುವಿನ ಮಾತು ಮೀರಬೇಡಿ. ಆದರೆ ಸೋಮವಾರದ ಭಜನೆಗೆ ಮಗ ಹೋಗಲಿ. ನುಡಿಸುವುದು ಬೇಡ, ಅಜ್ಜನ ಬದಿಗೆ ಕುಳಿತು ತಾಳ ಹಿಡಿದು ಕೇಳಲಿ. ಧಾಟಿ ಎಲ್ಲಿ ತಿರುಗುತ್ತದೆಂಬುದನ್ನು ಕಿವಿ ಮೊದಲು ಕಲಿಯಲಿ, ಬೆರಳು ಆಮೇಲೆ ಹಿಂಬಾಲಿಸುತ್ತದೆ."

"ಅಜ್ಜ ಭಜನಿಗಿ ಹೋಗಲ್ಲರಿ, ಏಳಾಕ ಆಗಲ್ಲ" ಎಂದನು ಹುಡುಗ.

"ಹಾಗಾದರೆ ಭಜನೆಯೇ ಅಜ್ಜನ ಹಾಸಿಗೆಯ ಬಳಿಗೆ ಬರಲಿ" ಎಂದೆವು.

ಗುರು ಕಲಿಸುವ ವಿದ್ಯೆಗೆ ನಾಳೆ ಇದೆ. ಅಜ್ಜನ ಕೊರಳಲ್ಲಿರುವ ಧಾಟಿಗಳಿಗೆ ಇರುವುದು ಇಂದು ಮಾತ್ರ. ತಮ್ಮ ಮನೆಗಳಲ್ಲಿಯೂ ಅಂಥ ಹಿರಿಯರಿದ್ದರೆ ಮಕ್ಕಳನ್ನು ಅವರ ಬಳಿ ಕೂಡಿಸಿರಿ.