ಮನೆಯ ಮಾತ್ರೆ, ಮೈದಾನದ ಅಪರಾಧ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಕಂದಾಯದ ಲೆಕ್ಕಕ್ಕೆ ತುಮಕೂರಿಗೆ ಸೇರಿದ್ದರೂ ವಿದ್ಯಾ ಇಲಾಖೆಯ ಪಾಲಿಗೆ ಬೇರೆಯದೇ ಒಂದು ಜಿಲ್ಲೆ. ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಅದಕ್ಕೆ ಹೆಸರು. ಶಾಲಾ ಕ್ರೀಡಾಕೂಟಗಳ ಕಾಲ ಬಂದಿತೆಂದರೆ ಈ ನಾಲ್ಕು ತಾಲ್ಲೂಕುಗಳ ಬಾಲಕ ಬಾಲಕಿಯರ ಮುಂದೆ ಒಂದು ಏಣಿ ನಿಲ್ಲುತ್ತದೆ. ಹೋಬಳಿಯಲ್ಲಿ ಗೆದ್ದವರು ತಾಲ್ಲೂಕಿಗೆ, ತಾಲ್ಲೂಕಿನಲ್ಲಿ ಗೆದ್ದವರು ಜಿಲ್ಲೆಗೆ, ಅಲ್ಲಿಂದ ವಿಭಾಗಕ್ಕೆ, ರಾಜ್ಯಕ್ಕೆ. ಮಳೆ ಅಪರೂಪವಾದ ಸೀಮೆ. ರಾಗಿ, ಕಡಲೆಕಾಯಿಯನ್ನು ನಂಬಿದ ಸಂಸಾರಗಳು. ಅಂಥ ಮನೆಯ ಮಗಳೊಬ್ಬಳು ಓಟದಲ್ಲಿ ಮೊದಲಿಗಳಾದರೆ ತಂದೆತಾಯಿಗಳ ಕಣ್ಣಿಗೆ ಪದಕದ ಹಿಂದೆಯೇ ಕ್ರೀಡಾ ವಸತಿನಿಲಯದ ಸ್ಥಳ, ಕಾಲೇಜಿನ ಸೀಟು, ಕೊನೆಗೆ ರೈಲ್ವೆಯಲ್ಲೋ ಪೊಲೀಸ್ ಇಲಾಖೆಯಲ್ಲೋ ಒಂದು ನೌಕರಿ ಕಾಣಿಸಿದರೆ ಆಶ್ಚರ್ಯವೇನು?

ಆ ಏಣಿಯ ಮೇಲಿನ ಮೆಟ್ಟಿಲುಗಳಲ್ಲಿ ಒಬ್ಬ ಪರೀಕ್ಷಕನು ಕಾದಿರುತ್ತಾನೆ. ಅವನ ಕೈಯಲ್ಲಿ ಸ್ಟಾಪ್‌ವಾಚಿಲ್ಲ, ಮೂತ್ರ ಹಿಡಿಯುವ ಸೀಸೆಯಿದೆ. 2018ರಲ್ಲಿ ಆರಂಭವಾದ ಖೇಲೊ ಇಂಡಿಯಾ ಕೂಟಗಳಲ್ಲಿ ಶಾಲಾ ವಯಸ್ಸಿನವರೇ ಈ ಪರೀಕ್ಷೆಗೆ ಗುರಿಯಾಗುತ್ತಿದ್ದಾರೆ. ಉದ್ದೀಪನ ಮದ್ದು ಎಂದೊಡನೆ ಸ್ನಾಯು ಬೆಳೆಸುವ ಸ್ಟಿರಾಯ್ಡುಗಳು ನೆನಪಿಗೆ ಬರುವುದು ಸಹಜ. ಆದರೆ ನಿಷಿದ್ಧ ಪಟ್ಟಿಯನ್ನು ಓದುತ್ತ ಹೋದವರಿಗೆ ಒಂದು ವಿಚಿತ್ರ ಕಾದಿರುತ್ತದೆ. ಟಾಮೊಕ್ಸಿಫೆನ್, ಲೆಟ್ರೊಜೋಲ್, ಅನಾಸ್ಟ್ರೊಜೋಲ್, ಕ್ಲೊಮಿಫಿನ್. ಮೊದಲ ಮೂರು ಸ್ತನದ ಕ್ಯಾನ್ಸರಿಗೆ ತುತ್ತಾದ ಹೆಂಗಸರನ್ನು ಉಳಿಸುವ ಔಷಧಗಳು. ನಾಲ್ಕನೆಯದು ಮಕ್ಕಳಾಗದವರಿಗೆ ವೈದ್ಯರು ಬರೆದುಕೊಡುವಂಥದು. ಇವುಗಳಿಗೂ ಓಟದ ಮೈದಾನಕ್ಕೂ ಏನು ನಂಟು?

ನಂಟನ್ನು ತಿಳಿಯಲು ಶರೀರದೊಳಗಿನ ಒಂದು ವ್ಯವಹಾರವನ್ನು ನೋಡಬೇಕು. ಈಸ್ಟ್ರೊಜನ್ ಸ್ತ್ರೀಯರ ಹಾರ್ಮೋನೆಂದು ಹೆಸರಾಗಿದ್ದರೂ ಗಂಡಸಿನ ದೇಹದಲ್ಲಿಯೂ ಅದು ಅಲ್ಪ ಪ್ರಮಾಣದಲ್ಲಿ ಇದ್ದೇ ಇರುತ್ತದೆ. ಪುರುಷ ಹಾರ್ಮೋನಾದ ಟೆಸ್ಟೊಸ್ಟಿರೋನಿನ ಒಂದು ಪಾಲನ್ನು ಅರೊಮಟೇಸ್ ಎಂಬ ಕಿಣ್ವವು ಈಸ್ಟ್ರೊಜನ್ನಾಗಿ ಮಾರ್ಪಡಿಸುತ್ತದೆ. ಮಿದುಳು ಮತ್ತು ಅದರ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ, ಉಗ್ರಾಣದ ಲೆಕ್ಕ ನೋಡುವ ಶಾನುಭೋಗರಂತೆ, ಈ ಈಸ್ಟ್ರೊಜನ್ನನ್ನು ಅಳೆದು, ಸಾಕಷ್ಟಿದ್ದರೆ ವೃಷಣಗಳಿಗೆ ಉತ್ಪಾದನೆ ತಗ್ಗಿಸುವಂತೆ ಮಾಡುತ್ತವೆ. ಲೆಟ್ರೊಜೋಲ್ ಆ ಕಿಣ್ವದ ಕೈಯನ್ನೇ ಕಟ್ಟಿಹಾಕುತ್ತದೆ. ಟಾಮೊಕ್ಸಿಫೆನ್, ಕ್ಲೊಮಿಫಿನ್‌ಗಳು ಈಸ್ಟ್ರೊಜನ್ ಕೂರಬೇಕಾದ ಜಾಗದಲ್ಲಿ ತಾವು ಕುಳಿತುಬಿಡುತ್ತವೆ. ಹೇಗಾದರೇನು, ಉಗ್ರಾಣ ಬರಿದಾಯಿತೆಂದು ಶಾನುಭೋಗರು ಮೋಸ ಹೋಗುತ್ತಾರೆ. ಇನ್ನಷ್ಟು ಟೆಸ್ಟೊಸ್ಟಿರೋನ್ ತಯಾರಾಗಲೆಂದು ಅಪ್ಪಣೆ ಹೊರಡುತ್ತದೆ.

ಇದಕ್ಕಿಂತ ಹೆಚ್ಚಾಗಿ ಇವುಗಳ ಬಳಕೆ ಮತ್ತೊಂದು ತಪ್ಪನ್ನು ಮುಚ್ಚುವುದಕ್ಕೆ. ಹೊರಗಿನಿಂದ ಸ್ಟಿರಾಯ್ಡನ್ನು ಚುಚ್ಚಿಕೊಂಡವನ ದೇಹದಲ್ಲಿ ಅದರ ಒಂದಂಶವು ಈಸ್ಟ್ರೊಜನ್ನಾಗಿ, ಅವನ ಎದೆ ಹೆಂಗಸರ ಎದೆಯಂತೆ ಉಬ್ಬತೊಡಗುತ್ತದೆ. ಸ್ವಂತ ಗ್ರಂಥಿಗಳು ಕೆಲಸ ನಿಲ್ಲಿಸುತ್ತವೆ. ಆಗ ಜಿಮ್ಮಿನ ‘ಗುರು’ಗಳು ಈ ಮಾತ್ರೆಗಳನ್ನು ಪರಿಹಾರವೆಂದು ಹೇಳಿಕೊಡುತ್ತಾರೆ. ವೈದ್ಯಶಾಸ್ತ್ರದ ಒಂದು ಪುಟವನ್ನೂ ಓದದ ಇಂಥ ಪಂಡಿತರಿಗೆ ಈಗ ಯಾವ ಊರಿನಲ್ಲಿಯೂ ಬರವಿಲ್ಲ.

ದೇಹವು ಇದಕ್ಕೆ ತೆರುವ ಬೆಲೆಯೂ ಅಲ್ಪವಲ್ಲ. ಟಾಮೊಕ್ಸಿಫೆನ್ನಿನಿಂದ ರಕ್ತ ಹೆಪ್ಪುಗಟ್ಟುವ ಭಯವುಂಟು. ಕ್ಲೊಮಿಫಿನ್ ಕೆಲವರಲ್ಲಿ ದೃಷ್ಟಿಯನ್ನು ಮಂಜಾಗಿಸುತ್ತದೆ. ಲೆಟ್ರೊಜೋಲ್ ಕೀಲುನೋವನ್ನು ತರುತ್ತದೆ, ಮೂಳೆಯನ್ನು ಸವೆಸುತ್ತದೆ. ಈಸ್ಟ್ರೊಜನ್ ಗಂಡಸಿಗೂ ಬೇಕೆಂಬುದಕ್ಕೆ 1994ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದ ಒಬ್ಬ ರೋಗಿಯೇ ಸಾಕ್ಷಿ. ಹುಟ್ಟಿನಿಂದಲೇ ಅವನ ದೇಹ ಈಸ್ಟ್ರೊಜನ್ನಿಗೆ ಓಗೊಡುತ್ತಿರಲಿಲ್ಲ. 28ನೆಯ ವಯಸ್ಸಿನಲ್ಲಿ 204 ಸೆಂಟಿಮೀಟರ್ ಎತ್ತರವಿದ್ದ ಅವನು ಇನ್ನೂ ಬೆಳೆಯುತ್ತಲೇ ಇದ್ದನು. ಮೂಳೆಗಳು ಮಾತ್ರ ಟೊಳ್ಳಾಗಿದ್ದವು.

ಬೇಕೆಂದೇ ನುಂಗಿದವರ ಮಾತು ಇದಾಯಿತು. ನುಂಗಿದ್ದೇ ತಿಳಿಯದವರ ಕಥೆ ಬೇರೆ. ಇಟಲಿಯ ಟೆನಿಸ್ ಆಟಗಾರ್ತಿ ಸಾರಾ ಎರಾನಿ 2012ರಲ್ಲಿ ಫ್ರೆಂಚ್ ಓಪನ್ ಪಂದ್ಯದ ಅಂತಿಮ ಸುತ್ತು ಮುಟ್ಟಿದವಳು. 2017ರ ಫೆಬ್ರವರಿಯಲ್ಲಿ ಆಕೆಯ ಮೂತ್ರದಲ್ಲಿ ಲೆಟ್ರೊಜೋಲ್ ಕಂಡುಬಂದಿತು. ಆಕೆಯ ತಾಯಿಗೆ ಸ್ತನದ ಕ್ಯಾನ್ಸರ್ ಆಗಿತ್ತು. ಅದಕ್ಕಾಗಿ ಆ ಮಾತ್ರೆಯನ್ನು ಸೇವಿಸುತ್ತಿದ್ದರು, ಮಾತ್ರೆಯ ಪೊಟ್ಟಣ ಅಡಿಗೆಮನೆಯಲ್ಲಿಯೇ ಇರುತ್ತಿತ್ತು. ಹಿಟ್ಟಿನೊಳಗೆ ಹೂರಣ ತುಂಬಿ, ಕಡುಬಿನಂತೆ ಮಡಚಿ ಸಾರಿನಲ್ಲಿ ಬೇಯಿಸುವ ಟೊರ್ಟೆಲ್ಲಿನಿ ಎಂಬ ತಿನಿಸನ್ನು ತಾಯಿ ಮಾಡುವಾಗ ಮಾತ್ರೆಯೊಂದು ಕೈತಪ್ಪಿ ಅದರಲ್ಲಿ ಬೆರೆತಿರಬೇಕೆಂಬುದು ಆ ಕುಟುಂಬದ ವಾದ. ಮೊದಲ ವಿಚಾರಣೆಯಲ್ಲಿ ಎರಡು ತಿಂಗಳ ನಿಷೇಧವಾಯಿತು. ಮೇಲ್ಮನವಿ ಲೊಸಾನ್ ನಗರದ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯಕ್ಕೆ ಹೋಯಿತು. ಔಷಧವು ತಾಯಿಯ ಅಡಿಗೆಯಿಂದಲೇ ಬಂದಿರಬಹುದೆಂಬುದನ್ನು ಆ ನ್ಯಾಯಾಲಯವೂ ಅಲ್ಲಗಳೆಯಲಿಲ್ಲ. ಆದರೂ 2018ರಲ್ಲಿ ಶಿಕ್ಷೆಯನ್ನು ಹತ್ತು ತಿಂಗಳಿಗೆ ಏರಿಸಿತು! ತನ್ನ ರೋಗವೇ ಮಗಳ ಆಟಕ್ಕೆ ಕುತ್ತಾಯಿತೆಂದು ಆ ತಾಯಿ ಎಷ್ಟು ನೊಂದಿರಬೇಕು. ಎರಾನಿ ಮತ್ತೆ ಅಂಗಳಕ್ಕಿಳಿದು 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಜೋಡಿಯಾಟದ ಚಿನ್ನ ಗೆದ್ದಳು.

ನಿಯಮ ಇಷ್ಟು ಕಠಿಣವೇಕೆ? ದೇಹದಲ್ಲಿ ಏನು ಸಿಕ್ಕಿದರೂ ಅದಕ್ಕೆ ಆ ದೇಹದ ಒಡೆಯರೇ ಹೊಣೆ ಎಂಬುದು ಉದ್ದೀಪನ ವಿರೋಧಿ ಕಾನೂನಿನ ಅಡಿಗಲ್ಲು. ‘ಗೊತ್ತಿರಲಿಲ್ಲ’ ಎಂಬ ಮಾತಿನಿಂದ ಶಿಕ್ಷೆ ತಗ್ಗಬಹುದು, ಕಳಂಕ ತೊಲಗುವುದಿಲ್ಲ. ಆ ಮಾತನ್ನು ನಂಬಿಬಿಟ್ಟರೆ ಕಳ್ಳರೆಲ್ಲರೂ ಅದನ್ನೇ ಹೇಳುವರೆಂಬುದು ನಿಜ. ಅಮಾಯಕರು ಅದರ ನಡುವೆ ಸಿಕ್ಕಿ ನಲುಗುವುದೂ ಅಷ್ಟೇ ನಿಜ.

ಕರ್ನಾಟಕವು ಇದನ್ನು ಹತ್ತಿರದಿಂದಲೇ ಕಂಡಿದೆ. ಕುಂದಾಪುರದ ಕಡೆಯ ಸಿದ್ದಾಪುರದ ರೈತ ಕುಟುಂಬದ ಅಶ್ವಿನಿ ಅಕ್ಕುಂಜಿ 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕೂಟದ ರಿಲೇಯಲ್ಲಿ, ಗುವಾಂಗ್‌ಝೌ ಏಷ್ಯನ್ ಕೂಟದ 400 ಮೀಟರ್ ಹರ್ಡಲ್ಸ್ ಮತ್ತು ರಿಲೇಯಲ್ಲಿ ಚಿನ್ನ ಗೆದ್ದು ಮನೆಮಾತಾದರು. ಮರುವರ್ಷವೇ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಅವರಲ್ಲಿ ದೊರೆತದ್ದು ಈಸ್ಟ್ರೊಜನ್ ತಡೆಯುವ ಮದ್ದಲ್ಲ, ಸ್ಟಿರಾಯ್ಡು. ತರಬೇತುದಾರ ಯೂರಿ ಒಗೊರೊಡ್ನಿಕ್ ಚೀನಾದಿಂದ ತಂದುಕೊಟ್ಟ ಜಿನ್ಸೆಂಗ್ ಮಾತ್ರೆಗಳೇ ಇದಕ್ಕೆ ಕಾರಣವೆಂದು ಓಟಗಾರ್ತಿಯರು ಹೇಳಿದರು. ಇಲ್ಲಿಯ ಸಮಿತಿ ಒಂದು ವರ್ಷದ ನಿಷೇಧ ವಿಧಿಸಿತು. 2012ರ ಜುಲೈನಲ್ಲಿ ಅದೇ ಲೊಸಾನ್ ನ್ಯಾಯಾಲಯ ಅದನ್ನು ಎರಡು ವರ್ಷಕ್ಕೇರಿಸಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು.

ಜಿನ್ಸೆಂಗ್ ಎಂದರೆ ಒಂದು ಗಿಡದ ಬೇರು. ಬೇರು ನಾರಿನಿಂದ ಕೇಡಿಲ್ಲವೆಂಬ ನಂಬಿಕೆ ಈ ನಾಡಿನಲ್ಲಿ ಬಲವಾದುದು. ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟಕ್ಕೆ ಮೂಲಿಕೆಗಳ ಹೆಸರಿನಿಂದಲೇ ಜನ ಹೋಗುತ್ತಾರೆ. ಬೆಟ್ಟದ ಮೂಲಿಕೆಯ ಮೇಲೆ ಯಾರೂ ಹಗೆ ಸಾಧಿಸಬೇಕಾಗಿಲ್ಲ. ಆದರೆ ಡಬ್ಬಿಯಲ್ಲಿ ತುಂಬಿ ಬರುವ ‘ಶಕ್ತಿ’ಯ ಪುಡಿಯಲ್ಲಿ ಮೂಲಿಕೆಯ ಜೊತೆಗೆ ಇನ್ನೇನು ಸೇರಿದೆಯೆಂಬುದು ಚೀಟಿಯ ಮೇಲೆ ಬರೆದಿರುವುದಿಲ್ಲ.

2023ರಲ್ಲಿ ಭಾರತದಲ್ಲಿ ಪರೀಕ್ಷಿಸಿದ 5,606 ಮಾದರಿಗಳಲ್ಲಿ 213ರಲ್ಲಿ ನಿಷಿದ್ಧ ವಸ್ತು ಕಂಡಿತು. ಸಾವಿರಗಟ್ಟಲೆ ಪರೀಕ್ಷೆ ನಡೆಸುವ ದೇಶಗಳಲ್ಲಿ ಇದೇ ಅತ್ಯಧಿಕ ಪ್ರಮಾಣ. ಈಸ್ಟ್ರೊಜನ್ ತಡೆಯುವ ಮದ್ದುಗಳಿಗೆ ಪಂದ್ಯದ ದಿನ, ಬಿಡುವಿನ ದಿನ ಎಂಬ ಭೇದವಿಲ್ಲ. ವರ್ಷವಿಡೀ ನಿಷಿದ್ಧ, ಗಂಡಿಗೂ ಹೆಣ್ಣಿಗೂ ನಿಷಿದ್ಧ. ಕ್ರೀಡಾಪಟುವಿಗೇ ರೋಗವಿದ್ದು ವೈದ್ಯರು ಬರೆದುಕೊಟ್ಟಿದ್ದರೆ ಮುಂಚಿತವಾಗಿ ಅರ್ಜಿ ಹಾಕಿ ಅನುಮತಿ ಪಡೆಯುವ ದಾರಿಯುಂಟು. ಔಷಧದ ಹೆಸರು ಕೊಟ್ಟು ನಿಷಿದ್ಧವೋ ಅಲ್ಲವೋ ಎಂದು ತಿಳಿಯುವ ಅನುಕೂಲವನ್ನು ರಾಷ್ಟ್ರೀಯ ಉದ್ದೀಪನ ತಡೆ ಸಂಸ್ಥೆಯಾದ ನಾಡಾ ಮೊಬೈಲಿನಲ್ಲಿಯೇ ಒದಗಿಸಿದೆ. ಹೋಬಳಿ ಮಟ್ಟದ ದೈಹಿಕ ಶಿಕ್ಷಕರು ಕ್ರೀಡಾಕೂಟದ ಹಿಂದಿನ ದಿನ ಮಕ್ಕಳಿಗೆ ಸಾಲು ನಿಲ್ಲುವುದನ್ನು ಕಲಿಸುವಾಗ ಇದಕ್ಕೂ ಹತ್ತು ನಿಮಿಷ ತೆಗೆದಿಟ್ಟರೆ ನಷ್ಟವೇನೂ ಆಗದು.

ಮನೆಯಲ್ಲಿ ತಾಯಿಯೋ ಅತ್ತೆಯೋ ಇಂಥ ಮಾತ್ರೆಯನ್ನು ತೆಗೆದುಕೊಳ್ಳುತ್ತಿದ್ದರೆ ಅದನ್ನು ಒಂದು ದಿನವೂ ನಿಲ್ಲಿಸಕೂಡದು. ಅದು ಅವರ ಜೀವದ ಪ್ರಶ್ನೆ. ಪೊಟ್ಟಣವನ್ನು ಅಡಿಗೆಮನೆಯ ಸಾಂಬಾರ ಡಬ್ಬಿಗಳ ಪಕ್ಕದಿಂದ ತೆಗೆದು ಬೀರುವಿನಲ್ಲಿ ಇಟ್ಟರಾಯಿತು. ಮಾತ್ರೆ ಮುರಿದ ಕೈಯನ್ನು ತೊಳೆದ ಮೇಲೆ ಹಿಟ್ಟು ನಾದಿದರಾಯಿತು. ಮೂತ್ರ ಕೊಡುವ ಹೊತ್ತಿನಲ್ಲಿ ತುಂಬಬೇಕಾದ ಹಾಳೆಯಲ್ಲಿ ಹಿಂದಿನ ಏಳು ದಿನಗಳಲ್ಲಿ ಸೇವಿಸಿದ ಔಷಧಗಳೇನೆಂದು ಕೇಳುತ್ತಾರೆ. ತಾಯಿ ಸೇವಿಸಿದ್ದೇನು ಎಂದು ಅಲ್ಲಿ ಯಾರೂ ಕೇಳುವುದಿಲ್ಲ.