ಕೋಕೋಗೆ ಹಣ ಬಂತು, ಅಡಿಕೆಗೆ ಯಾರು?

ಗಿಡಗಳ ವಂಶವಾಹಿ ಸಂಶೋಧನೆ ಪ್ರಯೋಗಶಾಲೆಯವರ ವ್ಯವಹಾರ, ನಮಗದರ ಗೊಡವೆ ಯಾಕೆ ಎಂದು ಬೆಳೆಗಾರರು ಸುಮ್ಮನಿರುವ ಕಾಲ ಕಳೆಯಿತು. ಸರ್ಕಾರಿ ಸಂಸ್ಥೆಗಳೂ ದೊಡ್ಡ ಕಂಪನಿಗಳೂ ಸೇರಿ ಒಂದೊಂದೇ ಬೆಳೆಯ ಜಾತಕ ಬರೆಯುತ್ತಿವೆ. ಆ ಜಾತಕ ಯಾರ ಪೆಟ್ಟಿಗೆಯಲ್ಲಿರುತ್ತದೆ ಎಂದು ನಾವು ಕೇಳಲೇಬೇಕು.

ನಮ್ಮ ಅಡಿಕೆ ತೋಟದ ನೆರಳಿನಲ್ಲಿ ಬೆಳೆಯುವ ಕೋಕೋವನ್ನೇ ನೋಡೋಣ. 2010ರ ಸೆಪ್ಟೆಂಬರಿನಲ್ಲಿ ಅಮೆರಿಕದ ಕೃಷಿ ಇಲಾಖೆ, ಚಾಕೊಲೇಟ್ ತಯಾರಿಸುವ ಮಾರ್ಸ್ ಕಂಪನಿ ಮತ್ತು ಐಬಿಎಂ ಸೇರಿ ಕೋಕೋದ ಜೀನೋಮ್, ಅಂದರೆ ವಂಶವಾಹಿಗಳ ಪೂರ್ಣ ನಕ್ಷೆಯ ಕರಡನ್ನು, ಪ್ರಬಂಧ ಅಚ್ಚಾಗುವ ಮೊದಲೇ ಎಲ್ಲರಿಗೂ ತೆರೆದಿಟ್ಟವು. ಬಳಸುವವರು ಅದಕ್ಕೆ ಪೇಟೆಂಟ್ ಪಡೆಯಕೂಡದೆಂಬ ಷರತ್ತೂ ಇತ್ತು. ಖಾಸಗಿ ಹಣವೆಂದೊಡನೆ ಮುಖ ತಿರುಗಿಸುವವರು ಇದನ್ನು ಗಮನಿಸಬೇಕು. ಮಾರ್ಸ್ ಇದನ್ನು ಧರ್ಮಕ್ಕೆ ಮಾಡಲಿಲ್ಲ, ನಿಜ. ಕೋಕೋ ಗಿಡ ರೋಗಕ್ಕೆ ಬಲಿಯಾದರೆ ಕಾರ್ಖಾನೆಗೆ ಬೀಗ ತಾನೆ?

ಕಂಪನಿಯ ಗರಜೂ ನಮ್ಮ ಗರಜೂ ಬೇರೆಯಾದಾಗ ಏನಾಗುತ್ತದೆಂಬುದೂ ಗೊತ್ತಿದೆ. 1980ರ ಆಸುಪಾಸಿನಲ್ಲಿ ಕೋಕೋ ಬೆಲೆ ಕುಸಿದು ಖಾಸಗಿ ಕೊಳ್ಳುಗರು ಹಿಂದೆ ಸರಿದಾಗ ಖರೀದಿಗೆ ನಿಂತದ್ದು ಕ್ಯಾಂಪ್ಕೋ. 1986ರಲ್ಲಿ ಪುತ್ತೂರಿನ ಕಾರ್ಖಾನೆ ಬಂದದ್ದೂ ಸಹಕಾರದಿಂದಲೇ.

ಕಾಫಿಯಲ್ಲೂ ಈ ಅಂತರ ಕಾಣುತ್ತದೆ. 2024ರಲ್ಲಿ ಪ್ರಕಟವಾದ ಅರೇಬಿಕಾ ನಕ್ಷೆಯ ಹಿಂದೆ ವಿಶ್ವವಿದ್ಯಾಲಯಗಳ ಜೊತೆ ನೆಸ್ಲೆಯ ವಿಜ್ಞಾನಿಗಳಿದ್ದರು. ಎಲೆತುಕ್ಕು ತಡೆಯುವ ವಂಶವಾಹಿ ಎಲ್ಲಿದೆಯೆಂದು ತಿಳಿದರೆ ಸಸಿ ಮಡಿಯಲ್ಲಿರುವಾಗಲೇ ಆರಿಸಬಹುದು, ವರ್ಷಗಟ್ಟಲೆ ಕಾಯಬೇಕಿಲ್ಲ. ಬಹಳ ಒಳ್ಳೆಯದು. ಆದರೆ ನಮ್ಮ ಅರೇಬಿಕಾ ಗಿಡವನ್ನು ಒಳಗಿಂದ ತಿನ್ನುವ ಬಿಳಿ ಕಾಂಡಕೊರಕ ಬ್ರೆಜಿಲಿನಲ್ಲಿಲ್ಲ. ಇಲ್ಲಿ ಬೆಳೆ ಹೋದರೆ ಕಂಪನಿ ಅಲ್ಲಿಂದ ಬೀಜ ತರಿಸೀತು. ನಾವು ತೋಟ ಹೊತ್ತುಕೊಂಡು ಹೋಗುವಂತಿಲ್ಲ.

ಅಡಿಕೆಯ ಗತಿ ಇನ್ನೂ ಕಷ್ಟದ್ದು. ಅದರ ನಕ್ಷೆಯನ್ನು ಚೀನಾದ ವಿಜ್ಞಾನಿಗಳು ಪ್ರಕಟಿಸಿದ್ದಾರೆ. ಶೃಂಗೇರಿ, ಕೊಪ್ಪ, ಸಂಪಾಜೆ ಕಡೆಯ ಹಳದಿ ಎಲೆ ರೋಗಕ್ಕೆ ಅದನ್ನು ಬಳಸಿಕೊಳ್ಳುವವರು ಬೇಕಲ್ಲ! ಪಾನ್ ಮಸಾಲೆ ಉದ್ಯಮ ಹಣ ಹಿಡಿದು ಬರುತ್ತದೆಂಬ ನಂಬಿಕೆ ನನಗಿಲ್ಲ. ಈ ಕೆಲಸ ಸಿಪಿಸಿಆರ್‌ಐನ ವಿಟ್ಲ ಕೇಂದ್ರದಂಥ ಸರ್ಕಾರಿ ಸಂಸ್ಥೆಯಿಂದಲೇ ಆಗಬೇಕು. ಖಾಸಗಿ ಸಹಯೋಗದ ನೆಪದಲ್ಲಿ ಅಂಥ ಕೇಂದ್ರಗಳ ಅನುದಾನ ಕಡಿತವಾಗಕೂಡದು.

ಇನ್ನು ನಮ್ಮ ಪಾಲು. ಎಸ್.795 ತಳಿಯ ಒಂದು ಪೋಷಕ 'ಕೆಂಟ್ಸ್', 1911ರಲ್ಲಿ ಮೈಸೂರು ಸೀಮೆಯ ತೋಟವೊಂದರಲ್ಲಿ ಕೆಂಟ್ ಎಂಬ ಪ್ಲಾಂಟರ್ ಆರಿಸಿದ ಗಿಡ. ಹಳದಿ ರೋಗದ ತೋಟಗಳ ನಡುವೆಯೂ ಹಸಿರಾಗಿ ನಿಂತ ಅಡಿಕೆ ಮರಗಳಿವೆ. ಇವೂ ಬಂಡವಾಳವೇ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ರೈತನ ತಳಿಯನ್ನೂ, ಬೀಜ ಉಳಿಸಿ ಬಿತ್ತುವ ಹಕ್ಕನ್ನೂ ಮಾನ್ಯ ಮಾಡಿದೆ. ಆದ್ದರಿಂದ ಸದಸ್ಯರ ತೋಟದಿಂದ ಎಲೆ, ಹಿಂಗಾರ, ಬೀಜದ ಮಾದರಿ ಕೇಳಿ ಯಾರೇ ಬಂದರೂ ಸಂಘದ ಮೂಲಕ ಲಿಖಿತ ಒಪ್ಪಂದವಾಗಲಿ. ಫಲಿತಾಂಶ ಬಹಿರಂಗವಾಗಬೇಕು, ತಳಿ ಬಂದರೆ ಮೂಲ ತೋಟದವರಿಗೆ ಸಸಿ ಮೊದಲು ಸಿಗಬೇಕು. ಒಪ್ಪಂದದ ಕರಡನ್ನು ಮುಂದಿನ ಮಹಾಸಭೆಗೆ ತರುವಂತೆ ಆಡಳಿತ ಮಂಡಳಿಯನ್ನು ಕೇಳಿಕೊಳ್ಳುತ್ತೇನೆ.