ಬಾಣಂತಿಯ ಕಣ್ಣು

ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರುವ ವಾಡಿಕೆ ಕನ್ನಡನಾಡಿನಲ್ಲಿ ಇಂದಿಗೂ ಅಳಿದಿಲ್ಲ. ಬೆಂಗಳೂರಿನಲ್ಲಿಯೋ ಹೈದರಾಬಾದಿನಲ್ಲಿಯೋ ಸಂಸಾರ ಹೂಡಿರುವ ಹೆಣ್ಣುಮಗಳೊಬ್ಬಳು ಚಿಂಚೋಳಿ ತಾಲ್ಲೂಕಿನ ಐನಾಪುರದ ತವರಿಗೆ ಬಂದಿದ್ದಾಳೆಂದು ಭಾವಿಸಬಹುದು. ಆಸ್ಪತ್ರೆಯಲ್ಲಿ ಸುಖಪ್ರಸವವಾಗಿ, ಕೂಸಿನೊಡನೆ ಮನೆಗೆ ಮರಳಿದ್ದಾಳೆ. ಕಿಟಕಿ ಮುಚ್ಚಿದ ಕೋಣೆ, ಕಿವಿಗೆ ಹತ್ತಿ, ತಲೆಗೆ ಬಿಗಿದ ಬಟ್ಟೆ, ಹೊರಸಿನ ಕೆಳಗೆ ಕೆಂಡ, ಸಂಜೆಗೆ ಲೋಬಾನದ ಹೊಗೆ. ಬೇಸರ ಕಳೆಯಲೆಂದು ಅವಳು ಕೈಗೆತ್ತಿಕೊಂಡ ಪತ್ರಿಕೆಯನ್ನು ತಾಯಿ ಮೆಲ್ಲನೆ ಕಸಿದುಕೊಳ್ಳುತ್ತಾಳೆ: “ಹಸಿ ಮೈಯಾಗ ಓದಬ್ಯಾಡ ಮಗಳ, ಕಣ್ಣು ಹೋಗ್ತಾವ.”

ಓದಿದರೆ ಕಣ್ಣು ಹೋಗುತ್ತದೆಂಬುದಕ್ಕೆ ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ. ಆದರೆ ಹಿರಿಯ ಹೆಂಗಸರು ಕಂಡದ್ದೆಲ್ಲ ಸುಳ್ಳೆಂದು ತಳ್ಳಿಹಾಕುವುದೂ ಸರಿಯಲ್ಲ. ಗರ್ಭಿಣಿಯ ಮೈಯಲ್ಲಿ ನೀರಿನಂಶ ಹೆಚ್ಚುವುದರಿಂದ ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವು ತುಸು ದಪ್ಪವಾಗುತ್ತದೆ. ಅದರ ಬಾಗೂ ಬದಲಾಗುತ್ತದೆ. ಆದಕಾರಣ ಹಳೆಯ ಕನ್ನಡಕ ಹೊಂದದಂತಾಗಿ ಅಕ್ಷರಗಳು ಮಸುಕಾಗಿ ತೋರುವುದುಂಟು. ಹೆರಿಗೆಯ ತರುವಾಯ ಕೆಲವು ವಾರಗಳಲ್ಲಿ, ಕೆಲವರಿಗೆ ಕೆಲವು ತಿಂಗಳುಗಳಲ್ಲಿ, ಇದು ತಾನಾಗಿಯೇ ಮೊದಲಿನ ಸ್ಥಿತಿಗೆ ಬರುತ್ತದೆ. ಅಷ್ಟರಲ್ಲಿ ಅವಸರಪಟ್ಟು ಹೊಸ ಕನ್ನಡಕ ಮಾಡಿಸಿದರೆ ಹಣ ದಂಡ. ಕನ್ನಡಕವನ್ನೇ ಬಿಡಿಸುವ ಲೇಸರ್ ಚಿಕಿತ್ಸೆಗಂತೂ ಮೊಲೆಯುಣಿಸುವುದು ಮುಗಿದು, ಕಣ್ಣಿನ ನಂಬರು ಒಂದು ನೆಲೆಗೆ ನಿಲ್ಲುವವರೆಗೆ ಕಾಯುವುದೇ ಮೇಲು.

ಹೆರಿಗೆಯಲ್ಲಿ ಮುಕ್ಕಿರಿದಾಗ ಕಣ್ಣಿನ ಬಿಳಿಯಲ್ಲಿ ಸಣ್ಣ ರಕ್ತನಾಳ ಒಡೆದು ಕೆಂಪು ಕಲೆ ಮೂಡಬಹುದು. ನೋಡಿದವರು ಹೌಹಾರುತ್ತಾರೆ, ನೋವಿಲ್ಲದೆ ದೃಷ್ಟಿ ಸರಿಯಾಗಿದ್ದರೆ ಅದು ಎರಡು ವಾರಗಳಲ್ಲಿ ಮಾಯುತ್ತದೆ. ಕಣ್ಣೀರಿನ ಪಸೆ ಕಡಿಮೆಯಾಗಿ ಮರಳು ಬಿದ್ದಂತೆ ಕರಕರ ಎನ್ನುವುದು ಇನ್ನೊಂದು ತೊಂದರೆ. ಬೇಸಿಗೆಯ ಬಿಸಿಲು 40 ಡಿಗ್ರಿಯನ್ನು ದಾಟುವ ಕಲಬುರಗಿಯ ಸೀಮೆಯಲ್ಲಿ, ಮುಚ್ಚಿದ ಕೋಣೆಯೊಳಗೆ ಕೆಂಡವನ್ನೂ ಹೊಗೆಯನ್ನೂ ಇಟ್ಟರೆ ಆ ಉರಿ ಇಮ್ಮಡಿಸದೆ ಇರುತ್ತದೆಯೇ? ಒಂದು ಕಿಟಕಿಯನ್ನು ತೆರೆದು ಲೋಬಾನವನ್ನು ಹೊರಗಿಟ್ಟರೆ ಬಾಣಂತಿಗೂ ಹಿತ, ಕೂಸಿನ ಉಸಿರಿಗೂ ಹಿತ.

ಇವೆಲ್ಲ ತಾಳ್ಮೆಯಿಂದ ಕಳೆಯಬಹುದಾದವು. ಕಾಯಲೇಬಾರದ ಸಂಗತಿ ಬೇರೆಯೇ ಇದೆ.

ಹೆರಿಗೆಯಾದ ನಾಲ್ಕನೆಯ ದಿನ ಮಗಳು ನಡುರಾತ್ರಿ ಎದ್ದು ಕುಳಿತು, “ಅವ್ವ, ತಲಿ ಸಿಡಿಲತ್ತದ, ಕಣ್ಣಿನ ಮುಂದ ಮಿಂಚು ಹೊಡ್ದಂಗ ಆಗ್ಲತ್ತದ” ಎಂದಳೆನ್ನಿ. ‘ಬ್ಯಾಡಂದರೂ ಓದಿದಿ’ ಎಂದೋ, ಶೀತ ಹತ್ತಿತೆಂದೋ ಮನೆಯವರು ಬೆಳಗಿನವರೆಗೆ ಪಟ್ಟು ಹಾಕುತ್ತ ಕುಳಿತರೆ ಅನಾಹುತವಾಗಬಹುದು. ಇದು ಕಣ್ಣಿನ ಬೇನೆಯೇ ಅಲ್ಲ. ಏರಿದ ರಕ್ತದೊತ್ತಡವು ಕಣ್ಣಿನ ಮೂಲಕ ಹೇಳಿಕಳಿಸಿದ ಸುದ್ದಿ. ವೈದ್ಯರು ಪ್ರಿ-ಎಕ್ಲಾಂಪ್ಸಿಯಾ ಎಂದು ಕರೆಯುವ ಈ ನಂಜು ಹೆರಿಗೆಯೊಡನೆ ಮುಗಿಯಿತೆಂದು ಬಹುಮಂದಿ ತಿಳಿದಿರುತ್ತಾರೆ. ಹಾಗಲ್ಲ. ಬಸಿರಿನಲ್ಲಿ ಒತ್ತಡ ಸರಿಯಾಗಿದ್ದವಳಿಗೂ ಅದು ಹೆರಿಗೆಯ ಅನಂತರ ಬರಬಹುದು. ಮೊದಲ ವಾರದಲ್ಲಿ ಅಪಾಯ ಹೆಚ್ಚು, ಆರು ವಾರಗಳವರೆಗೂ ಎಚ್ಚರಿಕೆ ಬೇಕು. ತೀವ್ರ ತಲೆನೋವು, ಮಸುಕು ನೋಟ, ಮಿಂಚು, ಒಂದು ವಸ್ತು ಎರಡಾಗಿ ಕಾಣುವುದು, ಪಕ್ಕೆಲುಬಿನ ಕೆಳಗೆ ನೋವು, ಮುಖದ ಬಾವು: ಇವುಗಳಲ್ಲಿ ಯಾವುದೊಂದು ಕಂಡರೂ ಕೂಡಲೇ ಒತ್ತಡವನ್ನು ಅಳೆಯಿಸಬೇಕು. 140/90 ಇದ್ದರೆ ವೈದ್ಯರನ್ನು ಕಾಣಬೇಕು. 160/110 ಆದರೆ ಒಂದು ಗಳಿಗೆಯನ್ನೂ ಕಳೆಯಬಾರದು. ಫಿಟ್ಸ್ ಬರದಂತೆ ತಡೆಯುವ ಮೆಗ್ನೀಷಿಯಂ ಸಲ್ಫೇಟ್ ಆಸ್ಪತ್ರೆಯಲ್ಲಿದೆ, ಮನೆಯ ಕಷಾಯದಲ್ಲಿಲ್ಲ. ಐನಾಪುರದಂಥ ಊರಿನಿಂದ ನಡುರಾತ್ರಿ ಚಿಂಚೋಳಿಗೋ ಕಲಬುರಗಿಗೋ ಸಾಗಬೇಕಾದವರು ನೆನಪಿಡಬೇಕಾದ ಸಂಖ್ಯೆ 108. ಈ ವಾಹನಸೇವೆ ರಾಜ್ಯದಲ್ಲಿ 2008ರಲ್ಲಿ ಆರಂಭವಾಯಿತು. ಆಸ್ಪತ್ರೆಯಲ್ಲಿ ಮೊಟ್ಟಮೊದಲು ಹೇಳಬೇಕಾದದ್ದು, ಹೆರಿಗೆಯಾಗಿ ಎಷ್ಟು ದಿನವಾಯಿತೆಂಬುದು.

ಇದೇ ಲಕ್ಷಣಗಳ ಹಿಂದೆ ಮತ್ತೊಂದು ಕಾರಣವೂ ಅಡಗಿರಬಹುದು. ಬಾಣಂತಿಯ ರಕ್ತ ಸಹಜವಾಗಿಯೇ ಬೇಗ ಹೆಪ್ಪುಗಟ್ಟುವ ಸ್ಥಿತಿಯಲ್ಲಿರುತ್ತದೆ. ಹೊಟ್ಟೆ ಬರುತ್ತದೆಂದು ಅವಳಿಗೆ ನೀರನ್ನು ಅಳೆದು ಕೊಡುವ ಪದ್ಧತಿ ಅನೇಕ ಮನೆಗಳಲ್ಲಿದೆ. ಮೈ ಒಣಗಿದಷ್ಟೂ ಆ ಅಪಾಯ ಹೆಚ್ಚು. ಮೆದುಳಿನಿಂದ ರಕ್ತವನ್ನು ಮರಳಿ ಒಯ್ಯುವ ನಾಳದಲ್ಲಿ ಹೆಪ್ಪು ಸಿಕ್ಕಿಕೊಂಡರೆ ತಲೆನೋವು, ವಾಂತಿ, ಮಸುಕು ನೋಟ, ಫಿಟ್ಸ್ ಕಾಣಿಸಿಕೊಳ್ಳುತ್ತವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಡಿ. ನಾಗರಾಜ ಮತ್ತು ಸಂಗಡಿಗರು ಬಾಣಂತಿಯರ ಈ ಕಾಯಿಲೆಯನ್ನು ವರ್ಷಗಟ್ಟಲೆ ಅಭ್ಯಸಿಸಿ, ಕಡಿಮೆ ಪ್ರಮಾಣದ ಹೆಪಾರಿನ್ ಔಷಧದಿಂದಾಗುವ ಉಪಕಾರವನ್ನು 1999ರಲ್ಲಿ ಪ್ರಕಟಿಸಿದರು. ಬೇಗ ಬಂದವರಿಗೆ ಚಿಕಿತ್ಸೆಯುಂಟು. ಬಾಣಂತಿಗೆ ಬಾಯಾರಿದಷ್ಟು ನೀರು ಕೊಟ್ಟರೆ ಹೊಟ್ಟೆ ಬರುವುದಿಲ್ಲ. ಎದೆಹಾಲು ಉಣಿಸುವವಳಿಗೆ ಅದು ಬೇಕೇಬೇಕು.

ಮುಸ್ಸಂಜೆಯಲ್ಲಿ ಮಾತ್ರ ಹಾದಿ ಕಾಣದೆ ತಡವರಿಸುವವಳ ತೊಂದರೆಯೇ ಬೇರೆ. ಅದು ಇರುಳುಗಣ್ಣು, ‘ಎ’ ಜೀವಸತ್ವದ ಕೊರತೆ. ತಾಯಿಯ ದಾಸ್ತಾನು ಹಾಲಿನೊಡನೆ ಕೂಸಿಗೆ ಸಾಗುತ್ತಿರುವಾಗಲೇ, ತಂಪೆಂದು ಸೊಪ್ಪನ್ನೂ ಉಷ್ಣವೆಂದು ಪಪ್ಪಾಯಿಯನ್ನೂ ಮನೆಯವರು ನಿಲ್ಲಿಸಿಬಿಡುತ್ತಾರೆ. ಜೋಳದ ರೊಟ್ಟಿಯೊಡನೆ ಮೆಂತ್ಯದ ಪಲ್ಯ, ರಾಜಗಿರಿ, ನುಗ್ಗೆಸೊಪ್ಪು, ಕೆಂಪು ಕುಂಬಳ, ಹಾಲು, ತಿನ್ನುವವರಿಗೆ ಮೊಟ್ಟೆ ಇರಲಿ. ಬಾಣಂತಿಗೆ ತುಪ್ಪ ಧಾರಾಳವಾಗಿ ಬಡಿಸುವ ಪದ್ಧತಿ ಈ ವಿಷಯದಲ್ಲಿ ಒಳ್ಳೆಯದೇ. ಸೊಪ್ಪಿನ ಸಾರ ಮೈಗೆ ಹತ್ತಲು ಜಿಡ್ಡು ಬೇಕು. ಅಂಗನವಾಡಿಯಲ್ಲಿ ಬಾಣಂತಿಯರಿಗೆ ಬಿಸಿಯೂಟ ನೀಡುವ ಮಾತೃಪೂರ್ಣ ಯೋಜನೆ 2017ರಲ್ಲಿ ಆರಂಭವಾಯಿತು. ‘ಎ’ ಜೀವಸತ್ವದ ಗುಳಿಗೆಗಳನ್ನು ಮಾತ್ರ ವೈದ್ಯರ ಮಾತಿಲ್ಲದೆ ನುಂಗಬಾರದು. ಹೆರಿಗೆಯಾದ ಎಲ್ಲ ತಾಯಂದಿರಿಗೂ ಅದನ್ನು ಕೊಡುವ ಅಗತ್ಯವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿಯೇ ತಿಳಿಸಿದೆ.

ಬಸಿರಿಗೆ ಮುಂಚಿನಿಂದಲೂ ಸಕ್ಕರೆ ಕಾಯಿಲೆಯಿದ್ದವರು ಹೆರಿಗೆಯಾದ ಒಂದು ವರ್ಷದೊಳಗೆ ಅಕ್ಷಿಪಟಲವನ್ನು ಮರೆಯದೆ ಪರೀಕ್ಷಿಸಿಕೊಳ್ಳಬೇಕು. ಅಲ್ಲಿನ ಹಾನಿ ನೋವಿಲ್ಲದೆ ಬೆಳೆಯುತ್ತದೆ. ಕಣ್ಣಿಗೆ ಯಾವ ಹನಿ ಬರೆಸಿಕೊಳ್ಳುವಾಗಲೂ ಮಗುವಿಗೆ ಮೊಲೆಯುಣಿಸುತ್ತಿರುವುದನ್ನು ವೈದ್ಯರಿಗೆ ತಿಳಿಸಬೇಕು. ಹನಿ ಬಿಟ್ಟ ಮೇಲೆ ಕಣ್ಣು ಮುಚ್ಚಿ, ಮೂಗಿನ ಬದಿಯ ಮೂಲೆಯನ್ನು ಒಂದೆರಡು ನಿಮಿಷ ಬೆರಳಿನಿಂದ ಒತ್ತಿಹಿಡಿದರೆ ಔಷಧ ರಕ್ತಕ್ಕೂ ಹಾಲಿಗೂ ಸೇರುವುದು ಬಹಳ ಮಟ್ಟಿಗೆ ತಪ್ಪುತ್ತದೆ.